ಗುಡ್ಡದ ಮಂದಿಗೆ ಪರಿಷತ್ತು ಕಟ್ಟಿಕೊಟ್ಟ ಪಾದ್ರಿ

ಜಿಲ್ಲಾ ಪರಿಷತ್ ಅಂದರೆ ಅಕ್ಕಲಕೋಟ, ಜತ್ತ, ದಕ್ಷಿಣ ಸೊಲ್ಲಾಪುರದ ಮಂದಿಗೆ ಬಿಡಿಸಿ ಹೇಳಬೇಕಾಗಿಲ್ಲ. ಊರ ಶಾಲೆ ಅದರದು, ದವಾಖಾನೆ ಅದರದು, ಹಳ್ಳಿ ರಸ್ತೆಯೂ ಅದರದೇ. ಆದರೆ ದೇಶದ ಈಶಾನ್ಯ ಮೂಲೆಯಲ್ಲಿ ಇದೇ ಹೆಸರಿನ ಬೇರೆಯೇ ಒಂದು ವ್ಯವಸ್ಥೆ ಇದೆ. ಅದರ ಪೂರ್ತಿ ಹೆಸರು ಸ್ವಾಯತ್ತ ಜಿಲ್ಲಾ ಪರಿಷತ್. ಅದು ಶಾಲೆ, ರಸ್ತೆ ನೋಡಿಕೊಳ್ಳುವುದಷ್ಟೇ ಅಲ್ಲ, ಜಮೀನಿನ ಬಗ್ಗೆ ತಾನೇ ಕಾನೂನು ಮಾಡುತ್ತದೆ, ತನ್ನದೇ ಕೋರ್ಟು ನಡೆಸುತ್ತದೆ, ತೆರಿಗೆ ಹಾಕುತ್ತದೆ. ಪ್ರಾಥಮಿಕ ಶಾಲೆಯಲ್ಲಿ ಮಕ್ಕಳಿಗೆ ಯಾವ ಭಾಷೆಯಲ್ಲಿ ಪಾಠ ಹೇಳಬೇಕು ಅನ್ನುವುದನ್ನೂ ಗೊತ್ತು ಮಾಡಬಹುದು. ಅಸ್ಸಾಂನಲ್ಲಿ 3, ಮೇಘಾಲಯದಲ್ಲಿ 3, ಮಿಜೋರಾಂನಲ್ಲಿ 3, ತ್ರಿಪುರಾದಲ್ಲಿ 1, ಹೀಗೆ ಒಟ್ಟು 10 ಪರಿಷತ್ತುಗಳಿವೆ. ಇವುಗಳ ಬುಡ ಇರುವುದು ಸಂವಿಧಾನದ ಆರನೇ ಷೆಡ್ಯೂಲಿನಲ್ಲಿ, ಅಂದರೆ ಆರನೇ ಅನುಸೂಚಿಯಲ್ಲಿ.

ಈ ಅನುಸೂಚಿ ಸುಮ್ಮನೆ ಬಂದದ್ದಲ್ಲ. ಅದರ ಹಿಂದೆ ಹಲವರ ದುಡಿಮೆ ಇದೆ. ಗುಡ್ಡದ ಒಳಗಿಂದ ಬಂದು, ಗುಡ್ಡದ ಮಂದಿಯ ಪರವಾಗಿ ಸಂವಿಧಾನ ರಚನಾ ಸಭೆಯಲ್ಲಿ ನಿಂತು ವಾದಿಸಿದವರು ಮಾತ್ರ ಖಾಸಿ ಸಮುದಾಯದ ಒಬ್ಬ ಪಾದ್ರಿ, ರೆವರೆಂಡ್ ಜೇಮ್ಸ್ ಜಾಯ್ ಮೋಹನ್ ನಿಕೋಲ್ಸ್ ರಾಯ್. ಶಿಲ್ಲಾಂಗ್ ಕಡೆ ಈ ಹೆಸರು ಕೇಳದ ಮನೆ ಸಿಗುವುದು ಕಷ್ಟ. ದಕ್ಕನ್ನಿನ ಈ ಭಾಗದಲ್ಲಿ ಅವರನ್ನು ಬಲ್ಲವರು ಕಡಿಮೆ.

ಶೆಲ್ಲಾ ಎಂಬ ಗಡಿ ಊರು

ನಿಕೋಲ್ಸ್ ರಾಯ್ ಹುಟ್ಟಿದ್ದು 1884ರ ಜೂನ್ 12ರಂದು, ಖಾಸಿ ಗುಡ್ಡಗಳ ದಕ್ಷಿಣ ಇಳಿಜಾರಿನ ಶೆಲ್ಲಾ ಗ್ರಾಮದಲ್ಲಿ. ಶಾಲೆಯ ಭೂಗೋಳದಲ್ಲಿ ಎಲ್ಲರೂ ಓದುವ ಚಿರಾಪುಂಜಿಯ ಕೆಳಗಿನ ಸೀಮೆ ಅದು. ಮಳೆ ವಿಪರೀತ. ಕಿತ್ತಳೆ, ಅಡಿಕೆ, ವೀಳ್ಯದೆಲೆ ಅಲ್ಲಿನ ಬೆಳೆ. ಭೂಮಿಯೊಳಗೆ ಸುಣ್ಣದ ಕಲ್ಲು. ಮಾಲು ಹೋಗುತ್ತಿದ್ದದ್ದು ಮೇಲಿನ ಶಿಲ್ಲಾಂಗಿಗಿಂತ ಹೆಚ್ಚಾಗಿ ಕೆಳಗಿನ ಸಿಲ್ಹೆಟ್ ಬಯಲಿಗೆ. ದೋಣಿಯಲ್ಲಿ ಹಣ್ಣು ಇಳಿಸುವುದು, ಅಕ್ಕಿ, ಉಪ್ಪು, ಬಟ್ಟೆ ಹತ್ತಿಸಿಕೊಂಡು ಬರುವುದು, ಇದು ತಲೆತಲಾಂತರದ ವ್ಯವಹಾರ. ಗುಡ್ಡದವರ ಭಾಷೆ ಖಾಸಿ, ಬಯಲಿನವರದು ಬಂಗಾಳಿ. ಸಂತೆಯಲ್ಲಿ ಎರಡೂ ನಡೆಯುತ್ತಿದ್ದವು. ಸೊಲ್ಲಾಪುರದ ಬಜಾರಿನಲ್ಲಿ ಕನ್ನಡ, ಮರಾಠಿ, ತೆಲುಗು ಮೂರನ್ನೂ ಆಡಿ ವ್ಯಾಪಾರ ಮುಗಿಸುವವರಿಗೆ ಇದು ಹೊಸದೆನಿಸಲಾರದು.

ಶೆಲ್ಲಾದ ಇನ್ನೊಂದು ವಿಶೇಷ ಇಲ್ಲಿ ಹೇಳಲೇಬೇಕು. ಖಾಸಿ ಗುಡ್ಡಗಳಲ್ಲಿ ಆಗ 25 ಸಣ್ಣ ಸಂಸ್ಥಾನಗಳಿದ್ದವು. ಬಹುತೇಕ ಕಡೆ ‘ಸಿಯೆಮ್’ ಎಂದು ಕರೆಯುವ ಅರಸು. ಶೆಲ್ಲಾದಲ್ಲಿ ಅರಸು ಇರಲಿಲ್ಲ. ಊರುಗಳ ಕೂಟವೊಂದಿತ್ತು, ಅದರ ಮುಖ್ಯಸ್ಥರನ್ನು ಜನರೇ ಆರಿಸುತ್ತಿದ್ದರು. ಆ ಹುದ್ದೆಗೆ ‘ವಾಹದಾದಾರ್’ ಎಂಬ ಹೆಸರು. ಅರಸು ಇದ್ದ ಕಡೆಯೂ ಆತ ಒಬ್ಬನೇ ಏನೂ ಮಾಡುವಂತಿರಲಿಲ್ಲ, ದರ್ಬಾರಿನ ಮಾತು ಕೇಳಬೇಕಿತ್ತು.

ದರ್ಬಾರ್ ಎಂಬ ಪದ ಇಲ್ಲಿ ಓದುಗರನ್ನು ದಾರಿ ತಪ್ಪಿಸಬಾರದು. ಅಕ್ಕಲಕೋಟದ ಭೋಸಲೆ ಅರಸರ ಅಥವಾ ಜತ್ತದ ಡಫಳೆ ಅರಸರ ದರ್ಬಾರಿನಲ್ಲಿ ಸಿಂಹಾಸನ ಮುಂದೆ, ಪ್ರಜೆ ಹಿಂದೆ. ಖಾಸಿಗಳು ಅದೇ ಪದವನ್ನು ತೆಗೆದುಕೊಂಡು ಊರ ಸಭೆಗೆ ಇಟ್ಟರು. ಊರಿನ ವಯಸ್ಕ ಗಂಡಸರೆಲ್ಲ ಕೂತು ಮಾತಾಡಿ ತೀರ್ಮಾನ ಮಾಡುವುದೇ ಅವರ ದರ್ಬಾರ್. ಗಂಡಸರು ಮಾತ್ರ ಅನ್ನುವುದು ಗಮನಿಸಬೇಕಾದ ಸಂಗತಿ. ಯಾಕಂದ್ರೆ ಖಾಸಿಗಳಲ್ಲಿ ಕುಲ ನಡೆಯುವುದು ತಾಯಿಯ ಕಡೆಯಿಂದ, ಮನೆತನದ ಆಸ್ತಿ ಹೋಗುವುದು ಕಿರಿಯ ಮಗಳಿಗೆ. ಆಸ್ತಿ ಹೆಣ್ಣಿನದು, ಸಭೆ ಗಂಡಿನದು. ಹೊರಗಿನವರಿಗೆ ವಿಚಿತ್ರ ಎನಿಸಬಹುದು, ಅಲ್ಲಿ ಅದೇ ರೂಢಿ.

1897ರ ಜೂನ್ 12ರ ಸಂಜೆ ಅಸ್ಸಾಂ ಸೀಮೆಯನ್ನು ನಡುಗಿಸಿದ ಮಹಾ ಭೂಕಂಪವಾಯಿತು. ಶಿಲ್ಲಾಂಗಿನ ಕಲ್ಲಿನ ಕಟ್ಟಡಗಳು ನೆಲಕ್ಕೆ ಬಿದ್ದವು. ಸುಮಾರು 1,500 ಮಂದಿ ಸತ್ತರು. ಶೆಲ್ಲಾದ ಹುಡುಗನಿಗೆ ಅಂದಿಗೆ ಸರಿಯಾಗಿ 13 ವರ್ಷ ತುಂಬಿತ್ತು. ಮುಂದೆ ಅವರು ಕಲ್ಕತ್ತಾ ವಿಶ್ವವಿದ್ಯಾಲಯದಿಂದ 1904ರಲ್ಲಿ ಬಿ.ಎ. ಮುಗಿಸಿದರು. ಗುಡ್ಡದ ಹುಡುಗರಲ್ಲಿ ಆ ಕಾಲಕ್ಕೆ ಪದವಿ ಪಡೆದವರು ಬೆರಳೆಣಿಕೆಯಷ್ಟು. ನೌಕರಿ ಸಿಗದ ಮಾತಿರಲಿಲ್ಲ, ಆದರೆ ಅವರು ಹಿಡಿದದ್ದು ಧರ್ಮಬೋಧನೆಯ ದಾರಿ. ಶಿಲ್ಲಾಂಗಿನಲ್ಲಿ ಚರ್ಚ್ ಆಫ್ ಗಾಡ್ ಬೆಳೆಸಿದವರಲ್ಲಿ ಅವರು ಮೊದಲಿಗರು. ಅಮೆರಿಕದ ಇವಲಿನ್ ನಿಕೋಲ್ಸ್ ಅವರನ್ನು ಮದುವೆಯಾದ ಮೇಲೆ ಹೆಂಡತಿಯ ಮನೆತನದ ಹೆಸರು ತಮ್ಮ ಹೆಸರಿಗೆ ಸೇರಿಸಿಕೊಂಡು ನಿಕೋಲ್ಸ್ ರಾಯ್ ಆದರು. ತಾಯಿಯ ಕುಲ ಹೇಳುವ ಸಮಾಜದಿಂದ ಬಂದವರಿಗೆ ಇದರಲ್ಲಿ ಮುಜುಗರ ಪಡುವಂಥದ್ದು ಏನೂ ಇರಲಿಲ್ಲ.

ಪಾದ್ರಿ ಎಂದರೆ ಬರೀ ಪ್ರಾರ್ಥನೆ ಅಂತ ತಿಳಿಯಬೇಕಾಗಿಲ್ಲ. ಹಣ್ಣಿನ ವ್ಯಾಪಾರ, ಮೋಟಾರು ಸಾರಿಗೆ ಎರಡರಲ್ಲೂ ಅವರ ಕೈಯಿತ್ತು. ಗುಡ್ಡದಲ್ಲಿ ಬೆಳೆದ ಮಾಲಿಗೆ ಗುಡ್ಡದವರೇ ಬೆಲೆ ಕಟ್ಟಬೇಕು, ಅದನ್ನು ಸಾಗಿಸುವ ಬಂಡಿಯೂ ಗುಡ್ಡದವರದೇ ಆಗಿರಬೇಕು ಎಂಬ ಲೆಕ್ಕ. ಮುಂದೆ ಪರಿಷತ್ತಿನ ಕಲಮುಗಳಲ್ಲಿ ಸಂತೆ, ದೋಣಿಕಟ್ಟೆ, ಬಡ್ಡಿ ವ್ಯವಹಾರ, ಹೊರಗಿನ ವ್ಯಾಪಾರಿ ಇಂಥ ವಿಷಯಗಳು ಇಷ್ಟೊಂದು ಜಾಗ ಹಿಡಿದದ್ದನ್ನು ನೋಡಿದರೆ, ಇದು ಸಂತೆ ಕಂಡವರ ತಲೆ ಎಂದು ಗೊತ್ತಾಗುತ್ತದೆ.

ಶಾಸನಸಭೆಗೆ

1921ರಲ್ಲಿ ಅವರು ಅಸ್ಸಾಂ ಶಾಸನ ಪರಿಷತ್ತಿಗೆ ಬಂದರು. ಆಗ ಅಸ್ಸಾಂನ ರಾಜಧಾನಿ ಶಿಲ್ಲಾಂಗೇ. ಅಂದರೆ ಇಡೀ ಅಸ್ಸಾಂ ಆಳುವ ಕಚೇರಿ ಖಾಸಿ ಗುಡ್ಡದ ಮೇಲೆ ಕೂತಿತ್ತು, ಆದರೆ ಆ ಕಚೇರಿಯಲ್ಲಿ ಖಾಸಿಗಳ ಮಾತು ನಡೆಯುವುದು ಅಷ್ಟರಲ್ಲೇ ಇತ್ತು. 1925ರಿಂದ ಸುಮಾರು 8 ವರ್ಷ ಅದೇ ಶಾಸನ ಪರಿಷತ್ತಿನ ಕಾರ್ಯದರ್ಶಿಯಾಗಿ, ಮಸೂದೆಗಳ ಕರಡು ಬರೆಯುವ ಅಧಿಕಾರಿಯಾಗಿ ಕೆಲಸ ಮಾಡಿದವರು ಮಂಗಳೂರು ಕಡೆಯ ಕನ್ನಡಿಗ ಬೆನಗಲ್ ನರಸಿಂಗರಾವ್. 1946ರಲ್ಲಿ ಸಂವಿಧಾನ ರಚನಾ ಸಭೆಯ ಸಲಹೆಗಾರರಾದವರೂ ಅವರೇ. ಗುಡ್ಡದ ಪ್ರತಿನಿಧಿ ಸಭೆಯಲ್ಲಿ, ಕಾನೂನಿನ ಕರಡು ಬರೆಯುವವರು ಕಚೇರಿಯಲ್ಲಿ, ಹೀಗೆ ಒಂದೇ ಸೂರಿನ ಕೆಳಗೆ ಇದ್ದ ಇವರಿಬ್ಬರೂ ಎರಡು ದಶಕದ ಮೇಲೆ ದಿಲ್ಲಿಯಲ್ಲಿ ಇನ್ನೂ ದೊಡ್ಡ ಸೂರಿನಡಿ ಸೇರಿದರು.

ಬ್ರಿಟಿಷರ ಕಾಲದಲ್ಲಿ ಗುಡ್ಡಗಾಡಿನ ಆಡಳಿತ ಹೇಗಿತ್ತು ಅನ್ನುವುದನ್ನು ಸ್ವಲ್ಪ ನೋಡಬೇಕು. 1935ರ ಭಾರತ ಸರ್ಕಾರದ ಕಾಯ್ದೆ ಅಸ್ಸಾಂನ ಗುಡ್ಡಗಳನ್ನು ಎರಡು ಪಟ್ಟಿ ಮಾಡಿತು. ನಾಗಾ ಗುಡ್ಡ, ಲುಶಾಯ್ ಗುಡ್ಡ (ಈಗಿನ ಮಿಜೋರಾಂ), ಉತ್ತರ ಕಾಚಾರ್ ಪೂರ್ತಿ ಹೊರಗಿಟ್ಟ ಪ್ರದೇಶಗಳು. ಅಲ್ಲಿ ಗವರ್ನರದೇ ಅಧಿಕಾರ, ಶಾಸನಸಭೆ ಕೇಳುವಂತಿಲ್ಲ. ಗಾರೊ ಗುಡ್ಡ, ಮಿಕಿರ್ ಗುಡ್ಡ, ಖಾಸಿ-ಜಯಂತಿಯಾ ಗುಡ್ಡದಲ್ಲಿ ಬ್ರಿಟಿಷರ ಕೈಯಲ್ಲಿದ್ದ ಭಾಗ, ಇವು ಅರ್ಧ ಹೊರಗಿಟ್ಟವು. ಗುಡ್ಡದವರನ್ನು ಬಯಲಿನ ಬಡ್ಡಿ ಸಾಹುಕಾರರಿಂದ ಕಾಪಾಡಲು ಹೀಗೆ ಮಾಡಿದ್ದು ಎಂದು ಬ್ರಿಟಿಷರ ಸಮಜಾಯಿಷಿ. ಅದರಲ್ಲಿ ನಿಜ ಇಲ್ಲವೆನ್ನಲಾಗದು. ಆದರೆ ಕಾಪಾಡುವ ಹೆಸರಿನಲ್ಲಿ ಬಾಯಿಗೂ ಬೀಗ ಹಾಕಿದರು ಅನ್ನುವುದೂ ಅಷ್ಟೇ ನಿಜ. 1941ರ ಹೊತ್ತಿಗೆ ಗವರ್ನರ್ ರಾಬರ್ಟ್ ರೀಡ್, ಅಸ್ಸಾಂ ಮತ್ತು ಬರ್ಮಾದ ಗುಡ್ಡಗಳನ್ನು ಒಟ್ಟು ಮಾಡಿ ಭಾರತದಿಂದ ಬೇರೆಯಾಗಿ ಲಂಡನ್ನಿನ ಅಧೀನದಲ್ಲೇ ಇಡುವ ಯೋಜನೆಯನ್ನೂ ಮುಂದಿಟ್ಟಿದ್ದ.

ನಿಕೋಲ್ಸ್ ರಾಯ್ ಈ ದಾರಿ ಹಿಡಿಯಲಿಲ್ಲ. 1937ರಲ್ಲಿ ಸಾದುಲ್ಲಾ ಸಂಪುಟದಲ್ಲಿ ಸಚಿವರಾಗಿದ್ದ ಅವರು 1946ರಲ್ಲಿ ಗೋಪಿನಾಥ ಬರ್ದೊಲಾಯಿ ಸಂಪುಟದಲ್ಲೂ ಸಚಿವರಾದರು. ಅದೇ ವರ್ಷ ಸಂವಿಧಾನ ರಚನಾ ಸಭೆಗೆ ಅಸ್ಸಾಂನಿಂದ ಆಯ್ಕೆಯಾದರು. ಆಗ ಬ್ರಿಟಿಷ್ ಕ್ಯಾಬಿನೆಟ್ ನಿಯೋಗ ಅಸ್ಸಾಂ ಅನ್ನು ಬಂಗಾಳದ ಜೊತೆ ಒಂದೇ ಗುಂಪಿಗೆ ಸೇರಿಸುವ ಲೆಕ್ಕ ಹಾಕಿತ್ತು. ಆ ಗುಂಪಿನಲ್ಲಿ ಬಂಗಾಳದ ಸದಸ್ಯರೇ ಬಹುಮತ. ಬರ್ದೊಲಾಯಿ ಇದನ್ನು ಗಟ್ಟಿಯಾಗಿ ವಿರೋಧಿಸಿದರು. 1946ರ ಡಿಸೆಂಬರ್‌ನಲ್ಲಿ ದಿಲ್ಲಿಯ ಸಭೆಯಲ್ಲಿ ನಿಕೋಲ್ಸ್ ರಾಯ್ ಕೂಡ ಇದೇ ಮಾತು ಎತ್ತಿದರು. ದೊಡ್ಡ ಭಾಷೆಯ ದೊಡ್ಡ ಪ್ರಾಂತ್ಯ ತಲೆ ಎಣಿಸಿ ಸಣ್ಣವರ ಹಣೆಬರಹ ಬರೆಯಬಾರದು ಎಂಬುದು ಅಸ್ಸಾಂನ ವಾದ. ಇಲ್ಲಿ ಒಂದು ಸಂಗತಿ ತಪ್ಪಿಸಿಕೊಳ್ಳಬಾರದು. ಬಂಗಾಳದ ಎದುರು ಅಸ್ಸಾಂ ಹೂಡಿದ ವಾದವನ್ನೇ ಮುಂದೆ ಅಸ್ಸಾಂನ ಎದುರು ಗುಡ್ಡದವರು ಹೂಡಿದರು.

ಊರೂರು ತಿರುಗಿದ ಸಮಿತಿ

ಅಲ್ಪಸಂಖ್ಯಾತರು ಮತ್ತು ಬುಡಕಟ್ಟು ಪ್ರದೇಶಗಳ ಬಗ್ಗೆ ಸರ್ದಾರ್ ಪಟೇಲ್ ಅಧ್ಯಕ್ಷತೆಯಲ್ಲಿ 1947ರ ಜನವರಿಯಲ್ಲಿ ಸಲಹಾ ಸಮಿತಿ ಆಯಿತು. ಅದರ ಕೆಳಗೆ ಅಸ್ಸಾಂ ಗುಡ್ಡಗಳಿಗಾಗಿ ಒಂದು ಉಪಸಮಿತಿ. ಅಧ್ಯಕ್ಷರು ಬರ್ದೊಲಾಯಿ. ಸದಸ್ಯರಲ್ಲಿ ನಿಕೋಲ್ಸ್ ರಾಯ್, ರೂಪನಾಥ ಬ್ರಹ್ಮ, ಗುಜರಾತದ ಠಕ್ಕರ್ ಬಾಪಾ ಇದ್ದರು. ಠಕ್ಕರ್ ಬಾಪಾ ಎಂದರೆ ಭಿಲ್ಲರ ನಡುವೆ ದುಡಿದ ಅದೇ ಗಾಂಧಿವಾದಿ. ಸಮಿತಿ ದಿಲ್ಲಿಯಲ್ಲಿ ಕೂತು ವರದಿ ಬರೆಯಲಿಲ್ಲ. ಏಪ್ರಿಲ್‌ನಲ್ಲಿ ಐಜಾಲ್, ಮೇ ತಿಂಗಳಲ್ಲಿ ಕೊಹಿಮಾ, ಹೀಗೆ ಗುಡ್ಡದಿಂದ ಗುಡ್ಡಕ್ಕೆ ಹೋಗಿ ಆಯಾ ಸಮುದಾಯದ ಮುಖಂಡರನ್ನು ಕೂರಿಸಿ ಕೇಳಿತು. ಆಗಿನ ಗುಡ್ಡದ ರಸ್ತೆಯಲ್ಲಿ ಇದು ಸಣ್ಣ ಕೆಲಸವಲ್ಲ.

ಎಲ್ಲ ಕಡೆ ಒಂದೇ ಭಯ ಕೇಳಿಬಂತು. ಜಮೀನು ಹೊರಗಿನವರ ಪಾಲಾಗುತ್ತದೆ. ಕಾಡು ಸರ್ಕಾರದ ಪಾಲಾಗುತ್ತದೆ. ಊರ ರೂಢಿ ಗೊತ್ತಿಲ್ಲದ ಮ್ಯಾಜಿಸ್ಟ್ರೇಟ್, ಊರ ಭಾಷೆ ಬಾರದ ವಕೀಲ ಬಂದು ನ್ಯಾಯ ಹೇಳುತ್ತಾರೆ. ಸಾಲ ಕೊಟ್ಟವನು ಮನೆ ಮಾರಿಸುತ್ತಾನೆ. 1947ರ ಜುಲೈ 28ರಂದು ಸಮಿತಿ ವರದಿ ಕೊಟ್ಟಿತು. ಪ್ರತಿ ಗುಡ್ಡ ಜಿಲ್ಲೆಗೂ ಜನರೇ ಆರಿಸಿದ ಒಂದು ಪರಿಷತ್ತು ಇರಲಿ, ಜಮೀನು, ಊರ ಕಾಡು, ಗುಡ್ಡ ಬೇಸಾಯ, ಮದುವೆ, ವಾರಸುದಾರಿಕೆ, ಊರ ನ್ಯಾಯ ಇವು ಆ ಪರಿಷತ್ತಿನ ಕೈಯಲ್ಲಿರಲಿ ಎಂಬುದು ಅದರ ತಿರುಳು. ದರ್ಬಾರನ್ನು ಊರಿನಿಂದ ಜಿಲ್ಲೆಯ ಮಟ್ಟಕ್ಕೆ ಎತ್ತಿದಂತೆ.

ಇಷ್ಟರಲ್ಲೇ ಅವರ ಸ್ವಂತ ಊರಿಗೆ ಬೇರೆ ಏಟು ಬಿತ್ತು. 1947ರ ಜುಲೈ 6 ಮತ್ತು 7ರಂದು ಸಿಲ್ಹೆಟ್‌ನಲ್ಲಿ ಜನಮತ ಗಣನೆ ನಡೆದು ಆ ಜಿಲ್ಲೆಯ ಬಹುಭಾಗ ಪೂರ್ವ ಪಾಕಿಸ್ತಾನಕ್ಕೆ ಹೋಯಿತು. ಶೆಲ್ಲಾ ಭಾರತದಲ್ಲಿ ಉಳಿಯಿತು, ಶೆಲ್ಲಾದ ಬಜಾರ ಪರದೇಶವಾಯಿತು. ಕಿತ್ತಳೆ ಗಿಡದಲ್ಲೇ ಕೊಳೆಯುವ ಪರಿಸ್ಥಿತಿ. ಅಡಿಕೆ, ಎಲೆಗೆ ಗಿರಾಕಿ ಇಲ್ಲ. ಮೇಲೆ ಶಿಲ್ಲಾಂಗಿಗೆ ಒಯ್ಯಲು ಸರಿಯಾದ ರಸ್ತೆ ಇಲ್ಲ. ಆ ಇಳಿಜಾರಿನ ಊರುಗಳ ಸಂಪತ್ತು ಕೆಲವೇ ವರ್ಷಗಳಲ್ಲಿ ಕರಗಿ ಹೋಯಿತು. ಗೆರೆ ಎಳೆಯುವವರು ಮೇಜಿನ ಮೇಲೆ ಎಳೆಯುತ್ತಾರೆ, ಅದು ಬೀಳುವುದು ಸಂತೆಯ ನಡುವೆ. ಗಡಿಯಲ್ಲಿ ಬದುಕಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮೂರು ದಿನದ ಚರ್ಚೆ

1949ರ ಸೆಪ್ಟೆಂಬರ್ 5ರಿಂದ 7ರವರೆಗೆ ಸಂವಿಧಾನ ರಚನಾ ಸಭೆಯಲ್ಲಿ ಆರನೇ ಅನುಸೂಚಿಯ ಚರ್ಚೆ. ನಿಕೋಲ್ಸ್ ರಾಯ್ ಅವರಿಗೆ ಆಗ 65 ವರ್ಷ. ವಿರೋಧ ಬಂದದ್ದು ದೂರದವರಿಂದ ಮಾತ್ರವಲ್ಲ, ಅಸ್ಸಾಂನ ಸದಸ್ಯರಿಂದಲೇ. ಕುಲಧರ ಚಾಲಿಹಾ ಮತ್ತು ರೋಹಿಣಿಕುಮಾರ ಚೌಧರಿ ಇದನ್ನು ಅನುಮಾನದಿಂದ ನೋಡಿದರು. ಗುಡ್ಡಕ್ಕೆ ಬೇರೆ ಪರಿಷತ್ತು ಕೊಟ್ಟರೆ ಪಾಕಿಸ್ತಾನದ ಹಾಗೆ ಇನ್ನೊಂದು ದೇಶ ಹುಟ್ಟುತ್ತದೆ, ಗುಡ್ಡದವರೂ ಬಯಲಿನವರೂ ಎಂದಿಗೂ ಒಂದಾಗುವುದಿಲ್ಲ, ಬ್ರಿಟಿಷರ ಒಡೆದಾಳುವ ನೀತಿಯೇ ಮುಂದುವರಿಯುತ್ತದೆ ಎಂಬ ಧಾಟಿಯ ಮಾತು ಅವರದು. ಬಿಹಾರದ ಬ್ರಜೇಶ್ವರ ಪ್ರಸಾದ್ ಅವರಿಗೆ ಗುಡ್ಡಗಳನ್ನು ಕೇಂದ್ರವೇ ನೇರವಾಗಿ ಆಳುವುದು ಒಳ್ಳೆಯದೆನಿಸಿತ್ತು. ದೇಶ ಆಗಷ್ಟೇ ಎರಡು ಹೋಳಾಗಿತ್ತು, ಹೀಗಾಗಿ ಈ ಭಯವನ್ನು ಬರೀ ದ್ವೇಷ ಎಂದು ತಳ್ಳಿಹಾಕುವಂತಿಲ್ಲ.

ನಿಕೋಲ್ಸ್ ರಾಯ್ ವಾದ ತಿರುಗುಮುರುಗಾಗಿತ್ತು. ಗಡಿಯ ಮಂದಿ ತೃಪ್ತಿಯಿಂದಿದ್ದರೆ ಗಡಿ ಗಟ್ಟಿ, ಅವರನ್ನು ಬಲವಂತದಿಂದ ಒಗ್ಗಿಸಹೋದರೆ ಗಡಿ ಸಡಿಲ ಎಂಬುದು ಅವರ ಮುಖ್ಯ ಮಾತು. ಗುಡ್ಡದಲ್ಲಿ ಮೇಲು ಕೀಳಿನ ಜಾತಿ ಇಲ್ಲ, ಊರ ಸಭೆಯೇ ನ್ಯಾಯ ಹೇಳುತ್ತದೆ, ಅದು ಪ್ರಜಾಪ್ರಭುತ್ವ ಅಲ್ಲದೆ ಮತ್ತೇನು ಎಂಬ ಅರ್ಥದಲ್ಲಿ ವಾದಿಸಿದರು. ಗುಡ್ಡದವರನ್ನು ತಿದ್ದಿ ಮೇಲೆತ್ತಬೇಕಾದ ಕಾಡುಮಂದಿ ಎಂದು ಸಭೆ ನೋಡುವುದನ್ನು ಅವರು ಒಪ್ಪಲಿಲ್ಲ. ಝಾರ್ಖಂಡದ ಜೈಪಾಲ್ ಸಿಂಗ್ ಅವರ ಬೆಂಬಲಕ್ಕೆ ನಿಂತರು. ಡಾ. ಅಂಬೇಡ್ಕರ್ ಅವರೂ ಅನುಸೂಚಿಯನ್ನು ಸಮರ್ಥಿಸಿದರು. ಅಸ್ಸಾಂ ಗುಡ್ಡದವರ ಬೇರು ಅವರದೇ ಸಂಸ್ಕೃತಿಯಲ್ಲಿದೆ, ಅಮೆರಿಕದ ಮೂಲನಿವಾಸಿಗಳಂತೆ ಅವರ ಸ್ಥಿತಿ ಬೇರೆ, ಆದರೂ ಸಂಸತ್ತು ಮತ್ತು ಶಾಸನಸಭೆಯಲ್ಲಿ ಅವರ ಪ್ರತಿನಿಧಿಗಳು ಇರುವುದರಿಂದ ದೇಶದ ನಂಟು ಕಡಿಯುವುದಿಲ್ಲ ಎಂದು ಅವರು ವಿವರಿಸಿದರು. ಅನುಸೂಚಿ ಒಪ್ಪಿಗೆಯಾಯಿತು.

ಕೊನೆಗೆ ಸಿಕ್ಕಿದ್ದೇನು? ಆರು ಗುಡ್ಡ ಜಿಲ್ಲೆಗಳಿಗೆ ಪರಿಷತ್ತು: ಖಾಸಿ-ಜಯಂತಿಯಾ, ಗಾರೊ, ಲುಶಾಯ್, ನಾಗಾ, ಉತ್ತರ ಕಾಚಾರ್, ಮಿಕಿರ್. ಒಂದೊಂದರಲ್ಲೂ 24ಕ್ಕೆ ಮೀರದ ಸದಸ್ಯರು, ಅದರಲ್ಲಿ ಮುಕ್ಕಾಲು ಪಾಲು ಜನರಿಂದ ಆಯ್ಕೆ. ಅವರೆಲ್ಲ ಕೂಡಿ ಮಾಡುವ ಕಾನೂನಿಗೆ ತಮ್ಮ ಜಿಲ್ಲೆಯಲ್ಲಿ ಕಾನೂನಿನ ಬೆಲೆ. ಮಹಾರಾಷ್ಟ್ರದ ಜಿಲ್ಲಾ ಪರಿಷತ್ತಿಗೂ ಇದಕ್ಕೂ ಇರುವ ಅಂತರ ಇಲ್ಲಿದೆ. ಮಹಾರಾಷ್ಟ್ರದ ಜಿಲ್ಲಾ ಪರಿಷತ್ತಿನ ಅಧಿಕಾರವನ್ನು ಮುಂಬಯಿಯಲ್ಲಿ ಮಾಡಿದ ಕಾಯ್ದೆ ಕೊಡುತ್ತದೆ, ಗುಡ್ಡದ ಪರಿಷತ್ತಿನ ಅಧಿಕಾರವನ್ನು ಸಂವಿಧಾನವೇ ಬರೆದಿಟ್ಟಿದೆ.

ಶಾಲೆಯ ಭಾಷೆಯ ಕಲಮು ಗಡಿ ಕನ್ನಡಿಗರು ಎರಡು ಸಲ ಓದಬೇಕಾದದ್ದು. ಅನುಸೂಚಿಯ 6ನೇ ಪ್ಯಾರಾದಲ್ಲಿ ಪ್ರಾಥಮಿಕ ಶಾಲೆ, ದವಾಖಾನೆ, ಸಂತೆ, ದನದ ದೊಡ್ಡಿ, ದೋಣಿಕಟ್ಟೆ, ರಸ್ತೆ ಎಲ್ಲ ಪಟ್ಟಿ ಮಾಡಿ, ಪ್ರಾಥಮಿಕ ಶಾಲೆಯ ಪಾಠದ ಭಾಷೆ ಯಾವುದು, ರೀತಿ ಯಾವುದು ಎಂದು ಗೊತ್ತು ಮಾಡುವ ಅಧಿಕಾರವನ್ನು ಪರಿಷತ್ತಿಗೆ ಕೊಟ್ಟಿದ್ದಾರೆ. ರಾಜ್ಯಗಳಲ್ಲಿ ಚದುರಿರುವ ಭಾಷಾ ಅಲ್ಪಸಂಖ್ಯಾತರಿಗೆ ಇರುವುದು ಬೇರೆ ಕಲಮು, 1956ರಲ್ಲಿ ಏಳನೇ ತಿದ್ದುಪಡಿಯಿಂದ ಸೇರಿದ 350ಎ. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಸಾಕಷ್ಟು ಅನುಕೂಲ ಮಾಡಲು ರಾಜ್ಯ ಪ್ರಯತ್ನಿಸಬೇಕು ಎಂದು ಅದು ಹೇಳುತ್ತದೆ. ಅಲ್ಲಿ ತೀರ್ಮಾನಿಸುವವರು ಮಕ್ಕಳ ಮನೆಯವರಲ್ಲ, ರಾಜ್ಯದವರು. ಖಾಸಿ ಭಾಷೆಗೆ ಲಿಪಿ ಕೂಡ ಸ್ವಂತದ್ದಲ್ಲ. 1841ರಲ್ಲಿ ಚಿರಾಪುಂಜಿಗೆ ಬಂದ ವೇಲ್ಸ್ ಮಿಷನರಿ ಥಾಮಸ್ ಜೋನ್ಸ್ ರೋಮನ್ ಅಕ್ಷರದಲ್ಲಿ ಅದನ್ನು ಬರೆಯುವ ರೂಢಿ ಹಾಕಿದರು. ಒಂದು ಶತಮಾನದ ಓದುಬರಹದ ಭಾಷೆಗೆ ಇಂಥ ಕಲಮು ಸಿಕ್ಕಿತು.

ಕೊಟ್ಟದ್ದು ಎಷ್ಟು, ಹಿಡಿದಿಟ್ಟದ್ದು ಎಷ್ಟು

ಹಾಗಂತ ಎಲ್ಲ ಕೈಗೆ ಬಂತು ಎಂದಲ್ಲ. ಲೆಕ್ಕದ ಪುಸ್ತಕ ತೆರೆದು ನೋಡಿದರೆ ತೊಡಕು ಕಾಣುತ್ತದೆ. ಪರಿಷತ್ತು ಮಾಡಿದ ಕಾನೂನು ಗವರ್ನರ್ ಸಹಿ ಬೀಳದೆ ಜಾರಿಗೆ ಬಾರದು. ಪರಿಷತ್ತಿನ ತೀರ್ಮಾನವನ್ನು ರದ್ದು ಮಾಡುವ, ಪರಿಷತ್ತನ್ನೇ ವಿಸರ್ಜಿಸುವ ಅಧಿಕಾರವೂ ಗವರ್ನರಿಗೆ ಇತ್ತು. ಭೂಕಂದಾಯ, ವೃತ್ತಿ ತೆರಿಗೆ, ವಾಹನ ಮತ್ತು ದೋಣಿಯ ಮೇಲಿನ ತೆರಿಗೆ, ಸಂತೆಗೆ ಬರುವ ಮಾಲಿನ ಮೇಲಿನ ಸುಂಕ, ಗಣಿ ರಾಯಧನದಲ್ಲಿ ಒಂದು ಪಾಲು, ಇವು ಪರಿಷತ್ತಿನ ಆದಾಯ. ಬಡ ಗುಡ್ಡದಲ್ಲಿ ಇದರಿಂದ ಎಷ್ಟು ಬಂದೀತು? ದೊಡ್ಡ ದುಡ್ಡು ದಿಲ್ಲಿಯಿಂದ ಬರುವುದು 275ನೇ ಕಲಮಿನ ಪ್ರಕಾರ. ಅದು ಬಂದು ಬೀಳುತ್ತಿದ್ದದ್ದು ಅಸ್ಸಾಂ ರಾಜ್ಯದ ಖಜಾನೆಗೆ, ಪರಿಷತ್ತಿನ ತಿಜೋರಿಗಲ್ಲ. ಗುಡ್ಡದ ಹೆಸರಿನ ಹಣ ಗುಡ್ಡಕ್ಕೆ ಮುಟ್ಟಬೇಕಾದರೆ ರಾಜ್ಯದ ಮಂತ್ರಿಗಳ ಮನಸ್ಸು ಬೇಕಿತ್ತು. ದಿಲ್ಲಿಗೆ ಮಾತು ಮುಟ್ಟಿಸಲೆಂದು ಕಟ್ಟಿದ ಪರಿಷತ್ತು ಅಸ್ಸಾಂ ಸರ್ಕಾರದ ಹೊಸ್ತಿಲು ದಾಟಿಯೇ ದಿಲ್ಲಿಗೆ ಹೋಗಬೇಕಾಯಿತು.

ಖಾಸಿಗಳಲ್ಲೇ ಅಸಮಾಧಾನ ಇತ್ತು. 1947ರ ಡಿಸೆಂಬರ್ ಹೊತ್ತಿಗೆ ಸಿಯೆಮ್‌ಗಳು ಭಾರತಕ್ಕೆ ಸೇರುವ ಒಪ್ಪಂದಕ್ಕೆ ಒಬ್ಬೊಬ್ಬರಾಗಿ ಸಹಿ ಹಾಕತೊಡಗಿದರು. ನೊಂಗ್‌ಸ್ಟೊಯಿನ್ ಸಿಯೆಮ್ ಮಾತ್ರ 1948ರ ಮಾರ್ಚ್‌ವರೆಗೂ ಎಳೆದಾಡಿದ. ಅರಸರ ಕಡೆಯವರಿಗೆ ಬೇಕಿದ್ದದ್ದು ತಮ್ಮ ಸಂಸ್ಥಾನಗಳ ಒಕ್ಕೂಟಕ್ಕೆ ನೇರ ಮಾನ್ಯತೆ. ಅನುಸೂಚಿಯಲ್ಲಿ ಬಂದದ್ದು ತದ್ವಿರುದ್ಧ: ಅರಸನ ನೇಮಕ, ವಾರಸುದಾರಿಕೆ ಕೂಡ ಜನರು ಆರಿಸಿದ ಪರಿಷತ್ತಿನ ಕೈಗೆ. ಅಸ್ಸಾಂನಲ್ಲಿ ಕೆಲವರಿಗೆ ನಿಕೋಲ್ಸ್ ರಾಯ್ ಹೆಚ್ಚು ಕೇಳಿದವರಾಗಿ ಕಂಡರೆ, ಊರಿನಲ್ಲಿ ಕೆಲವರಿಗೆ ಹೆಚ್ಚು ಬಿಟ್ಟುಕೊಟ್ಟವರಾಗಿ ಕಂಡರು. ಎರಡೂ ಕಡೆಯಿಂದ ಬೈಸಿಕೊಳ್ಳುವುದು ನಡುವೆ ನಿಂತವರ ಪಾಡು. ಆದರೆ ಒಂದು ಮಾತು ಒಪ್ಪಬೇಕು. 1949ರಲ್ಲಿ ಸಿಗಬಹುದಾಗಿದ್ದದ್ದು ಅಷ್ಟೇ. ಬಿಟ್ಟಿದ್ದರೆ ಅದೂ ಸಿಗುತ್ತಿರಲಿಲ್ಲ.

ನಾಗಾ ಮುಖಂಡರು ಅನುಸೂಚಿಯನ್ನೇ ಒಪ್ಪಲಿಲ್ಲ. ಅಲ್ಲಿ ಪರಿಷತ್ತು ಆಗಲೇ ಇಲ್ಲ, ಮುಂದೆ ಬಂದೂಕಿನ ಕಾಲ ಬಂತು. ಉಳಿದ ಕಡೆ 1952ರಲ್ಲಿ ಚುನಾವಣೆ ನಡೆದು ಪರಿಷತ್ತುಗಳು ಶುರುವಾದವು. ಖಾಸಿ-ಜಯಂತಿಯಾ ಪರಿಷತ್ತು 1954ರಲ್ಲಿ ಬುಡಕಟ್ಟಿಗೆ ಸೇರದ ವ್ಯಾಪಾರಿಗಳು ಲೈಸೆನ್ಸ್ ಪಡೆಯಬೇಕೆಂಬ ನಿಯಮ ತಂದಿತು. ಗುಡ್ಡದ ಸಂತೆಯನ್ನು ಗುಡ್ಡದವರಿಗೆ ಉಳಿಸುವುದು ಇದರ ಉದ್ದೇಶ. ಅದೇ ಹೊತ್ತಿಗೆ ತಲೆಮಾರುಗಳಿಂದ ಶಿಲ್ಲಾಂಗಿನಲ್ಲಿ ಅಂಗಡಿ ಇಟ್ಟಿದ್ದ ಬಯಲಿನ ಕುಟುಂಬಗಳು ಪರಿಷತ್ತಿನ ಕಚೇರಿಯಲ್ಲಿ ಕಾಗದ ಹಿಡಿದು ನಿಲ್ಲುವಂತಾಯಿತು. ಅಲ್ಪಸಂಖ್ಯಾತರೊಳಗಿನ ಅಲ್ಪಸಂಖ್ಯಾತರ ಕಥೆ ಇದು, ಇದನ್ನೂ ಹೇಳದಿದ್ದರೆ ಲೆಕ್ಕ ಅರ್ಧವಾಗುತ್ತದೆ.

ಅರಸರ ಜೊತೆಗಿನ ತಕರಾರು ಕೋರ್ಟಿಗೂ ಹೋಯಿತು. ಶಿಲ್ಲಾಂಗಿನ ಸುತ್ತಲಿನ ಮಿಲ್ಲಿಯೆಮ್ ಸಂಸ್ಥಾನದ ಸಿಯೆಮ್ ಜೋರ್ಮಾನಿಕ್ ಅವರನ್ನು ಪರಿಷತ್ತು 1959ರಲ್ಲಿ ಅಮಾನತು ಮಾಡಿತು. ಹೈಕೋರ್ಟು ಸಿಯೆಮ್ ಪರ ನಿಂತಿತು. ಸುಪ್ರೀಂ ಕೋರ್ಟು 1960ರಲ್ಲಿ ಪರಿಷತ್ತಿಗೆ ಆ ಅಧಿಕಾರ ಉಂಟು ಎಂದಿತು.

ಕಡೆಯ ವರ್ಷಗಳು

ಪರಿಷತ್ತು ನಡೆದು ಎರಡು ವರ್ಷ ಆಗುವಷ್ಟರಲ್ಲೇ ಗುಡ್ಡದ ಮುಖಂಡರಿಗೆ ಅದು ಸಾಲದು ಅನಿಸಿತು. 1954ರ ಅಕ್ಟೋಬರ್‌ನಲ್ಲಿ ಗಾರೊ ಗುಡ್ಡದ ತುರಾದಲ್ಲಿ ಸೇರಿ ಬೇರೆ ಗುಡ್ಡ ರಾಜ್ಯ ಬೇಕೆಂದು ಕೇಳಿದರು. ಮುಂಚೂಣಿಯಲ್ಲಿದ್ದವರು ಕ್ಯಾಪ್ಟನ್ ವಿಲಿಯಂಸನ್ ಸಂಗ್ಮಾ. ಬೇಡಿಕೆ ಹೋದದ್ದು ಫಜಲ್ ಅಲಿ ಅಧ್ಯಕ್ಷತೆಯ ರಾಜ್ಯ ಪುನರ್ವಿಂಗಡಣಾ ಆಯೋಗಕ್ಕೆ. ಕಾಸರಗೋಡಿನಿಂದ ಸೊಲ್ಲಾಪುರದವರೆಗೆ ಈ ಆಯೋಗದ ಹೆಸರು ಗೊತ್ತಿಲ್ಲದ ಕನ್ನಡ ಊರಿಲ್ಲ. 1955ರ ವರದಿಯಲ್ಲಿ ಆಯೋಗ ಗುಡ್ಡ ರಾಜ್ಯದ ಬೇ‌ಡಿಕೆಯನ್ನು ಒಪ್ಪಲಿಲ್ಲ. ಪರಿಷತ್ತುಗಳೇ ಸಾಕು ಎಂಬಲ್ಲಿಗೆ ಮಾತು ನಿಂತಿತು.

1959ರ ನವೆಂಬರ್ 1ರಂದು, 75ನೇ ವಯಸ್ಸಿನಲ್ಲಿ, ನಿಕೋಲ್ಸ್ ರಾಯ್ ತೀರಿಕೊಂಡರು. ಕನ್ನಡಿಗರು ರಾಜ್ಯ ಒಂದಾದ ದಿನವನ್ನು ಆಚರಿಸುವ ತಾರೀಖೇ ಅದು. ಮರುವರ್ಷವೇ ಅಸ್ಸಾಂ ಸರ್ಕಾರ ಅಸ್ಸಾಮಿ ಭಾಷೆಯನ್ನು ರಾಜ್ಯದ ಅಧಿಕೃತ ಭಾಷೆ ಮಾಡುವ ಮಸೂದೆ ತಂದಿತು. ಗುಡ್ಡದ ಪಕ್ಷಗಳೆಲ್ಲ 1960ರ ಜುಲೈನಲ್ಲಿ ಶಿಲ್ಲಾಂಗಿನಲ್ಲಿ ಸೇರಿ ಸರ್ವಪಕ್ಷ ಗುಡ್ಡ ನಾಯಕರ ಸಮ್ಮೇಳನ ಎಂಬ ಸಂಘಟನೆ ಕಟ್ಟಿದವು. ಅದರ ಮುಂದಾಳುಗಳಲ್ಲಿ ನಿಕೋಲ್ಸ್ ರಾಯ್ ಅವರ ಮಗ ಸ್ಟ್ಯಾನ್ಲಿ ಒಬ್ಬರು. ಅಪ್ಪ ಅಸ್ಸಾಂನೊಳಗೆ ಇದ್ದುಕೊಂಡು ಜಾಗ ಕೇಳಿದ್ದರು, ಮಗ ಅಸ್ಸಾಂ ಬಿಟ್ಟು ಹೊರಬರುವ ದಾರಿ ಹಿಡಿದರು. ಹತ್ತು ವರ್ಷದ ಶಾಂತ ಹೋರಾಟದ ಮೇಲೆ, 1970ರ ಏಪ್ರಿಲ್ 2ರಂದು ಅಸ್ಸಾಂನೊಳಗಿನ ಸ್ವಾಯತ್ತ ರಾಜ್ಯವಾಗಿ, 1972ರ ಜನವರಿ 21ರಂದು ಪೂರ್ಣ ರಾಜ್ಯವಾಗಿ ಮೇಘಾಲಯ ಹುಟ್ಟಿತು.

ರಾಜ್ಯ ಬಂದ ಮೇಲೂ ಪರಿಷತ್ತುಗಳು ಹೋಗಲಿಲ್ಲ. ಖಾಸಿ, ಜಯಂತಿಯಾ, ಗಾರೊ ಮೂರೂ ಉಳಿದವು. ಒಂದೇ ಊರಿಗೆ ಶಾಸಕ ಒಬ್ಬ, ಪರಿಷತ್ ಸದಸ್ಯ ಒಬ್ಬ, ಊರ ದರ್ಬಾರಿನ ಹಿರಿಯ ಒಬ್ಬ, ಇಷ್ಟೆಲ್ಲ ಬೇಕೇ ಎಂಬ ಚರ್ಚೆ ಶಿಲ್ಲಾಂಗಿನಲ್ಲಿ ಬಹಳ ಕಾಲದಿಂದ ಇದೆ. ಅತ್ತ 2019ರಲ್ಲಿ ಕೇಂದ್ರಾಡಳಿತ ಪ್ರದೇಶವಾದ ಲಡಾಖ್‌ನವರು ಅದೇ ಆರನೇ ಅನುಸೂಚಿ ತಮಗೂ ಬೇಕೆಂದು ಬೀದಿಗಿಳಿದರು, ಉಪವಾಸ ಕೂತರು.

ಶೆಲ್ಲಾದ ಸುಣ್ಣದ ಕಲ್ಲಿನ ಸುದ್ದಿಯೂ ದಿಲ್ಲಿವರೆಗೆ ಹೋಯಿತು. ಶೆಲ್ಲಾ ಪಕ್ಕದ ನೊಂಗ್‌ಟ್ರಾಯ್ ಗ್ರಾಮದ ಗಣಿಯಿಂದ ಫ್ರಾನ್ಸ್ ಮೂಲದ ಲಫಾರ್ಜ್ ಕಂಪನಿ 17 ಕಿ.ಮೀ. ಉದ್ದದ ಬೆಲ್ಟಿನ ಮೇಲೆ ಕಲ್ಲನ್ನು ಗಡಿಯಾಚೆ ಬಾಂಗ್ಲಾದೇಶದ ಛಾತಕ್‌ನಲ್ಲಿದ್ದ ಸಿಮೆಂಟ್ ಕಾರ್ಖಾನೆಗೆ ಸಾಗಿಸುತ್ತಿತ್ತು. ಶೆಲ್ಲಾದ ಒಂದು ಗುಂಪು ಇದರ ವಿರುದ್ಧ ಕೋರ್ಟಿಗೆ ಹೋಯಿತು. 2010ರಲ್ಲಿ ಸುಪ್ರೀಂ ಕೋರ್ಟು ಗಣಿ ನಿಲ್ಲಿಸಿತು. ನೊಂಗ್‌ಟ್ರಾಯ್ ದರ್ಬಾರ್ ಮಾತ್ರ ಗಣಿ ಬೇಕು ಎಂದಿತು. 2011ರ ಜುಲೈ 6ರ ತೀರ್ಪಿನಲ್ಲಿ ನ್ಯಾಯಮೂರ್ತಿಗಳು ಆ ಊರ ದರ್ಬಾರಿನ ಒಪ್ಪಿಗೆಯನ್ನೂ ಲೆಕ್ಕಕ್ಕೆ ಹಿಡಿದು ಗಣಿಗೆ ಮತ್ತೆ ಅನುಮತಿ ಕೊಟ್ಟರು.